ಆವತಿಯ ಪ್ರಭುಗಳೂ ಬೆಂಗಳೂರಿನ ಬೆಳವಣಿಗೆಯೂ

ದೇವನಹಳ್ಳಿ ತಾಲ್ಲೂಕಿನ ಆವತಿಯು ಇಂದು ಹೆದ್ದಾರಿಯ ಮಗ್ಗುಲಿನ ಒಂದು ಗ್ರಾಮವಷ್ಟೆ. ಆದರೆ ಬೆಂಗಳೂರು ಸೀಮೆಯ ಪಾಳೆಯಗಾರ ಮನೆತನಗಳ ಮೂಲವನ್ನು ಅರಸಿ ಹೊರಟವರು ಬಂದು ನಿಲ್ಲುವುದು ಈ ಊರಿನಲ್ಲಿಯೇ. ಮೊರಸು ಒಕ್ಕಲಿಗರಾದ ಏಳು ಮಂದಿ ಸೋದರರು, ಕಂಚಿಯ ಕಡೆಯ ಪ್ರಭುವೊಬ್ಬನು ತಮ್ಮ ಮನೆಯ ಕನ್ಯೆಯನ್ನು ಬಲಾತ್ಕಾರದಿಂದ ವರಿಸಬಯಸಲು, ಮಾನಕ್ಕೆ ಅಂಜಿ ಬಂಡಿಗಳನ್ನು ಹೂಡಿಕೊಂಡು ಹೊರಟು, ನಂದಿಯ ಸಮೀಪದ ರಾಮಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಇಳಿದುಕೊಂಡು, ಆವತಿಯನ್ನು ಕಟ್ಟಿದರೆಂದು ಐತಿಹ್ಯವುಂಟು. ವಿವರಗಳಲ್ಲಿ ಉತ್ಪ್ರೇಕ್ಷೆಯಿದ್ದರೂ ಅದರ ತಿರುಳು ಗಮನಾರ್ಹವಾದುದು. ಈ ಪ್ರಭುಗಳು ತಮ್ಮ ಮೂಲಪುರುಷರನ್ನು ದಿಗ್ವಿಜಯಿಗಳೆಂದಲ್ಲ, ನೆಲೆಯನ್ನು ಅರಸಿ ಬಂದವರೆಂದು ನೆನೆದರು.

ಈ ವಂಶದ ಮಲ್ಲಬೈರೇಗೌಡನು 1501ರಲ್ಲಿ ದೇವನಹಳ್ಳಿಯ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಯಲಹಂಕದ ಶಾಖೆಯವನಾದ ಹಿರಿಯ ಕೆಂಪೇಗೌಡನು 1537ರಲ್ಲಿ ಬೆಂಗಳೂರನ್ನು ಸ್ಥಾಪಿಸಿದನು. ದೊಡ್ಡಪೇಟೆ, ಚಿಕ್ಕಪೇಟೆಗಳೆಂಬ ಎರಡು ಹಿರಿಯ ಬೀದಿಗಳ ಸುತ್ತಲೂ ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳು ಬೆಳೆದವು. ಕೆಂಪಾಂಬುಧಿ, ಧರ್ಮಾಂಬುಧಿ ಕೆರೆಗಳು ನೀರನ್ನೊದಗಿಸಿದುವು. ಹೊಸದಾಗಿ ಬಂದ ಕಸುಬುದಾರನಿಗೆ ಮನೆಯೊಡನೆ ತನ್ನ ಕಸುಬಿನವರ ನೆರೆಯೂ ದೊರೆಯುತ್ತಿತ್ತು.

ಕಾಲಾಂತರದಲ್ಲಿ ಪೇಟೆಯು ಕಿಕ್ಕಿರಿಯಿತು. 1898ರ ಪ್ಲೇಗು ಜನರನ್ನು ಹೊರಕ್ಕೆ ಅಟ್ಟಿತು. ಆಗ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳೊಡನೆ ತಲೆಯೆತ್ತಿದವು. ಆದರೆ ನಿವೇಶನವನ್ನು ಕೊಂಡು ಮನೆ ಕಟ್ಟುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಆ ಕೊರತೆಯನ್ನು ಕೆಲಮಟ್ಟಿಗೆ ತುಂಬಿದವರು ಧರ್ಮಿಷ್ಠರು, ಸಂಘಗಳವರು. ರೈಲ್ವೆ ನಿಲ್ದಾಣದ ಬಳಿ 1903ರಲ್ಲಿ ತೆರೆದ ಗುಬ್ಬಿ ತೋಟದಪ್ಪನವರ ಛತ್ರವು ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಆಸರೆಯಾಯಿತು. 1906ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘವು ಹಳ್ಳಿಯ ಹುಡುಗರ ವಿದ್ಯಾಭ್ಯಾಸಕ್ಕೆ ಒತ್ತಾಸೆಯಾಯಿತು. ಇಂಥ ನೆರವಿಲ್ಲದಿದ್ದರೆ ಎಷ್ಟೋ ಮಂದಿ ಬಡ ಬಾಲಕರಿಗೆ ನಗರದ ಬಾಗಿಲು ಮುಚ್ಚಿಯೇ ಇರುತ್ತಿತ್ತು.

1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯೂ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಏರ್ಪಟ್ಟವು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆಯಿತು. ಹೀಗೆ ಆವತಿಯ ಸಂತತಿಯು ಕಟ್ಟಿದ ನಗರವು ಆವತಿಯ ನೆರೆಗೇ ಮರಳಿ ಬಂದಿತು. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳಲು ಸರ್ಕಾರವು ಮುಂದಾದಾಗ, ರೈತರು ಮೂರು ವರ್ಷಕ್ಕೂ ಮಿಕ್ಕಿ ಸತ್ಯಾಗ್ರಹ ನಡೆಸಿದರು. 2025ರ ಜುಲೈ 15ರಂದು ಸರ್ಕಾರವು ಆ ಪ್ರಯತ್ನವನ್ನು ಕೈಬಿಟ್ಟು, ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿ ಸಾರಿತು.

ನಗರವು ಬೆಳೆಯಬಾರದೆಂದು ಯಾರೂ ಹೇಳಲಾರರು. ಬರುವವರಿಗೆ ಮನೆ ಬೇಕು, ಕೆಲಸ ಬೇಕು. ಆದರೆ ಒಬ್ಬರಿಗೆ ನೆಲೆ ಕೊಡುವುದಕ್ಕಾಗಿ ಇನ್ನೊಬ್ಬರನ್ನು ನೆಲೆಗೆಡಿಸುವುದು ನ್ಯಾಯವಲ್ಲ. ನಕ್ಷೆಯನ್ನು ಬರೆಯುವವರು ಬೀದಿ, ಕಾಲುವೆಗಳನ್ನು ಗುರುತಿಸುವುದಕ್ಕೆ ಮುಂಚೆ ಆ ನೆಲದಲ್ಲಿ ಉಳುವವರನ್ನು ಕರೆದು ಕೇಳಬೇಕು. ಬಂಡಿಗಳಲ್ಲಿ ಬಂದಿಳಿದವರ ಕಥೆಯನ್ನು ಇಂದಿಗೂ ಹೇಳಿಕೊಳ್ಳುವ ಈ ಸೀಮೆಗೆ, ಮನೆ ಬಿಟ್ಟು ಹೋಗುವ ಸಂಕಟವೇನೆಂದು ಬೇರೆಯವರು ತಿಳಿಸಬೇಕಾಗಿಲ್ಲ.