ದುಂಬಾಲು ಮತ್ತು ಬಂದರು

ಮೊನ್ನೆ ಸಂಜೆ ನಮ್ಮ ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದಲ್ಲಿ ವೃದ್ಧೆಯೊಬ್ಬಳು ಕೈಯೊಡ್ಡಿ ನನ್ನ ಹಿಂದೆಯೇ ಬಂದಳು. "ಹೀಗೆ ದುಂಬಾಲು ಬೀಳಬೇಡಮ್ಮಾ" ಎಂದು ಗದರಿಬಿಟ್ಟೆ. ಮನೆಗೆ ಬಂದ ಮೇಲೆ ಆ ಮಾತೇ ನನ್ನನ್ನು ಕಾಡಿತು.

'ದುಂಬಾಲು' ಅಚ್ಚಗನ್ನಡದ ಪದವಲ್ಲ. ಒಂದು ಕಾಲಕ್ಕೆ ಬಿಜಾಪುರದ ಆದಿಲ್‌ಶಾಹಿಗಳ ಆಡಳಿತದಲ್ಲಿ ಬಳಕೆಯಲ್ಲಿದ್ದ ಫಾರ್ಸಿಯದು. ಅಲ್ಲಿ 'ದುಂಬಾಲ್' ಎಂದರೆ ಬಾಲ, ಹಿಂಭಾಗ. ಬಾಲದಂತೆ ಬೆನ್ನು ಹತ್ತುವುದೇ ದುಂಬಾಲು ಬೀಳುವುದು.

ಇದೇ ಅರ್ಥಕ್ಕೆ ಇಂಗ್ಲಿಷಿನಲ್ಲಿ 'ಇಂಪಾರ್ಚೂನ್' ಎಂಬ ಪದವಿದೆ. ಅದರ ಬೇರು ಲ್ಯಾಟಿನ್ನಿನ 'ಪೋರ್ಟಸ್', ಅಂದರೆ ಬಂದರು. (ಈ 'ಬಂದರು' ಕೂಡ ಫಾರ್ಸಿಯಿಂದಲೇ ಬಂದದ್ದು!) ಹಡಗನ್ನು ಬಂದರಿನತ್ತ ಒಯ್ಯುವ ಗಾಳಿ ಅನುಕೂಲಕರ, 'ಆಪರ್ಚುನಿಟಿ' ಹುಟ್ಟಿದ್ದು ಅದರಿಂದ. ಅದಕ್ಕೆ ವಿರುದ್ಧವಾದದ್ದು 'ಇಂಪೋರ್ಟೂನಸ್', ಪ್ರತಿಕೂಲವಾದದ್ದು, ತೊಂದರೆ ಕೊಡುವಂಥದು. ಕಾಲಾಂತರದಲ್ಲಿ ಕಾಡಿ ಬೇಡುವುದಕ್ಕೆ ಅದೇ ಹೆಸರಾಯಿತು.

ಕರ್ನಾಟಕದ ಭಿಕ್ಷಾಟನೆ ನಿಷೇಧ ಕಾಯಿದೆ 1975ರದು. ಆಸ್ತಿ ತೆರಿಗೆಯೊಡನೆ ಶೇಕಡ 3ರ ಭಿಕ್ಷುಕರ ಕರವನ್ನೂ ನಾವು ಕಟ್ಟುತ್ತೇವೆ. ಅದರ ರಸೀದಿಗಳನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ. ಆದರೆ ಆ ಸಂಜೆ ನಾನು ಕಂಡದ್ದು ಬಾಲವನ್ನಷ್ಟೇ. ಬಂದರಿಲ್ಲದ ದೋಣಿ ಕಣ್ಣಿಗೆ ಬೀಳಲೇ ಇಲ್ಲ.

ಮರುದಿನ ಅದೇ ಹೊತ್ತಿಗೆ ವೃತ್ತಕ್ಕೆ ಹೋದೆ. ಆಕೆ ಅಲ್ಲಿರಲಿಲ್ಲ.