ಸೊರಬದಲ್ಲಿ ಒಂದು ಹೆಸರನ್ನು ಅರಸಿ

ಶ್ರಾದ್ಧದ ದಿನ ಕರ್ತೃವು ಎಳ್ಳುನೀರು ಬಿಡುವಾಗ ಮೂರು ತಲೆಮಾರಿನ ಹೆಸರುಗಳನ್ನು ಉಚ್ಚರಿಸಬೇಕೆಂಬುದು ಶ್ರೋತೃಗಳಲ್ಲಿ ಅನೇಕರಿಗೆ ತಿಳಿದ ಸಂಗತಿ. ತಂದೆ, ತಾತ, ಮುತ್ತಾತ. ಅವರೊಡನೆ ತಾಯಿ, ಪಿತಾಮಹಿ, ಪ್ರಪಿತಾಮಹಿ. ನಾಲ್ಕನೆಯವರಿಗೆ ಅಲ್ಲಿ ಎಡೆಯಿಲ್ಲ. ಮನೆಯ ಹಿರಿಯನು ತೀರಿಕೊಂಡು ಅವನ ಮಗನು ದರ್ಭೆಯನ್ನು ಹಿಡಿದನೆಂದರೆ, ಪಟ್ಟಿಯ ಮೇಲ್ತುದಿಯಿಂದ ಒಂದು ಜೋಡಿ ಹೆಸರು ಸದ್ದಿಲ್ಲದೆ ಕಳಚಿಹೋಗುತ್ತದೆ.

ನಮ್ಮ ತಂದೆಯವರ ಪ್ರಪಿತಾಮಹಿಯ ಹೆಸರು ಹೀಗೆ ಕಳಚಿತು. ಗಂಡಸರ ಹೆಸರುಗಳೇನೋ ಮನೆಯ ಹಳೆಯ ವಿಭಾಗಪತ್ರದಲ್ಲಿ ಉಳಿದಿವೆ. ಆಕೆಯ ಹೆಸರಿದ್ದುದು ತಂದೆಯವರ ನಾಲಗೆಯ ಮೇಲೆ ಮಾತ್ರ. ಚಿಕ್ಕಂದಿನಲ್ಲಿ ಅದನ್ನು ವರ್ಷವರ್ಷವೂ ಕೇಳಿದ್ದೆವು. ಆದರೆ ಮನಸ್ಸು ಅಡಿಗೆಮನೆಯಿಂದ ಬರುತ್ತಿದ್ದ ವಡೆಯ ವಾಸನೆಯ ಕಡೆಗಿತ್ತೇ ಹೊರತು ಮಂತ್ರದ ಕಡೆಗಿರಲಿಲ್ಲ. ಈಗ ಉಳಿದಿರುವುದು ಇಷ್ಟು: ಆಕೆಯ ತವರು ಸೊರಬ, ಮದುವೆಯಲ್ಲಿ ಅಲ್ಲಿಂದ ತಂದದ್ದು ಒಂದು ಗಂಧದ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಕೈಚೀಲದಲ್ಲಿಟ್ಟುಕೊಂಡು, ಕಳೆದ ಕಾರ್ತಿಕದಲ್ಲಿ ನಾವು ಸೊರಬಕ್ಕೆ ಹೊರಟೆವು.

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಹೋಗುವವರು ತಾಳಗುಂದವನ್ನು ನೋಡದೆ ಹೋಗುವುದು ಸಲ್ಲದು. ಅಲ್ಲಿಯ ಪ್ರಣವೇಶ್ವರನ ಗುಡಿಯ ಮುಂದಿರುವ ಕಂಬದಲ್ಲಿ ಕದಂಬರ ವಂಶಾವಳಿಯುಂಟು. ಐದನೆಯ ಶತಮಾನದಲ್ಲಿ ಶಾಂತಿವರ್ಮನ ಕಾಲಕ್ಕೆ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವದು. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮನು ಅಲ್ಲಿ ಅವಮಾನಿತನಾಗಿ ಕತ್ತಿ ಹಿಡಿದ ಕಥೆಯಿಂದ ಮೊದಲಾಗಿ, ಮಗ, ಮೊಮ್ಮಗ, ಮರಿಮಗ ಎಂದು ಕ್ರಮವಾಗಿ ಇಳಿದುಬರುತ್ತದೆ. ಕಾಕುತ್ಸ್ಥವರ್ಮನು ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜವಂಶಗಳಿಗೆ ಕೊಟ್ಟನೆಂಬುದನ್ನು ಕವಿ ಬಹು ಸೊಗಸಾದ ಉಪಮೆಯಿಂದ ವರ್ಣಿಸಿದ್ದಾನೆ. ಉಪಮೆಯಿದೆ, ಅಳಿಯಂದಿರ ಕುಲವಿದೆ. ಆ ಹುಡುಗಿಯರ ಹೆಸರುಗಳಿಲ್ಲ. ಅರಸುಮಕ್ಕಳ ಗತಿಯೇ ಹೀಗಾದ ಮೇಲೆ ನಮ್ಮ ಮನೆಯ ಮುತ್ತಜ್ಜಿಯ ವಿಷಯದಲ್ಲಿ ದೂರುವುದೇನು ಎಂದುಕೊಂಡು ಮುಂದಕ್ಕೆ ನಡೆದೆವು.

ಸೊರಬವು ದಂಡಾವತಿ ನದಿಯ ದಡದಲ್ಲಿರುವ ಸಣ್ಣ ಪಟ್ಟಣ. ಸುರಭಿಯೆಂಬ ಮಾತೇ ಸವೆದು ಸೊರಬವಾಯಿತೆಂದು ಸ್ಥಳದ ಐತಿಹ್ಯ. ರಂಗನಾಥನ ಗುಡಿಯ ಕಥೆಯೊಳಗೆ ಹಾಲು ಸುರಿಸುವ ಹಸುವೊಂದು ಇದ್ದೇ ಇದೆ. ಊರಿನ ಪ್ರಾಚೀನತೆಯನ್ನು ಸ್ಥಾಪಿಸಲು ಆ ಹಸುವಿನ ಸಹಾಯ ಬೇಕಾಗಿಲ್ಲ. ಬಾದಾಮಿ ಚಾಲುಕ್ಯರ ವಿನಯಾದಿತ್ಯನು ಕ್ರಿ. ಶ. 692ರಲ್ಲಿ ಆಳುಪ ಚಿತ್ರವಾಹನ ಬಿನ್ನಹದಂತೆ ಕೊಟ್ಟ ದಾನದ ತಾಮ್ರಪಟಗಳು ಸೊರಬದ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ರೈಸ್ ಸಾಹೇಬರು 1904ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎಂಟನೆಯ ಸಂಪುಟದಲ್ಲಿ ಈ ಒಂದು ತಾಲ್ಲೂಕಿನವೇ ಐನೂರಕ್ಕೂ ಮಿಕ್ಕ ಶಾಸನಗಳಿವೆ. ನಾಡಿನಲ್ಲಿ ಇಷ್ಟು ಮಾತನಾಡುವ ಕಲ್ಲುಗಳಿರುವ ತಾಲ್ಲೂಕುಗಳು ಬಹಳವಿಲ್ಲ.

ಆ ಕಲ್ಲುಗಳಲ್ಲಿ ಹೆಚ್ಚಿನವು ಅರಸರವಲ್ಲ, ಒಕ್ಕಲು ಮನೆತನಗಳವು. ತುರುಗೋಳಿನಲ್ಲಿ ಹಸುಗಳನ್ನು ಮರಳಿಸಿ ಮಡಿದವನು, ಊರಳಿವಿನಲ್ಲಿ ಕಾದಿ ಬಿದ್ದವನು, ಇಂಥವನ ಮಗ ಇಂಥವನು ಎಂದು ಅಚ್ಚುಕಟ್ಟಾಗಿ ಬರೆಸಿರುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವರ ಸನ್ನಿಧಿ. ಹೆಂಡತಿಯಾದವಳು ಅನೇಕ ವೇಳೆ ಪಕ್ಕದಲ್ಲಿ ಒಂದು ತೋಳಾಗಿ ಮಾತ್ರ ನಿಲ್ಲುತ್ತಾಳೆ: ಕಂಬದಿಂದ ಹೊರಟು ಮೇಲಕ್ಕೆ ಮಡಿಸಿದ, ಬಳೆ ತೊಟ್ಟ ತೋಳು, ಬೆರಳುಗಳ ನಡುವೆ ನಿಂಬೆಯ ಹಣ್ಣು. ಬೆಂಕಿಗೆ ಬಿದ್ದವಳಿಗೆ ಕಲ್ಲುಂಟು. ಬದುಕಿ ಮಕ್ಕಳನ್ನು ಸಾಕಿದವಳಿಗೆ ಅದೂ ಇಲ್ಲ. ಈ ಮಾತನ್ನು ಕಟುವೆಂದು ಶ್ರೋತೃಗಳು ಭಾವಿಸಬಾರದು. ಕಲ್ಲಿನ ಮುಂದೆ ನಿಂತಾಗ ಬೇರೆ ಮಾತು ತೋರಲಿಲ್ಲ.

ಇದಕ್ಕೆ ಅಪವಾದಗಳೂ ಈ ಸೀಮೆಯಲ್ಲಿಯೇ ಇವೆಯೆಂಬುದು ಸಂತೋಷದ ವಿಷಯ. ಸೊರಬ ತಾಲ್ಲೂಕಿನ ಹಿರೇ ಆವಲಿಯಲ್ಲಿರುವ ಜೈನರ ನಿಷಿಧಿಕಲ್ಲುಗಳಲ್ಲಿ ಸಮಾಧಿಮರಣವನ್ನು ಪಡೆದ ಗೌಡರ ಜೊತೆಗೆ ಗೌಡತಿಯರೂ ತಮ್ಮ ಹೆಸರಿನಿಂದಲೇ ಉಳಿದಿದ್ದಾರೆ. ಶಿಕಾರಿಪುರದ ಕಡೆಯ ಬಂದಳಿಕೆಯ ಶಾಸನವು ಇನ್ನೂ ಹಿರಿದಾದುದನ್ನು ಹೇಳುತ್ತದೆ. ಹತ್ತನೆಯ ಶತಮಾನದ ಆದಿಭಾಗದಲ್ಲಿ, ರಾಷ್ಟ್ರಕೂಟ ಎರಡನೆಯ ಕೃಷ್ಣನ ಆಳಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಅಧಿಕಾರವೇ ದೊರೆಯಿತು. ಆಕೆ ನಾಡನ್ನಾಳಿದಳು, ಕೊನೆಗೆ ರೋಗಪೀಡಿತಳಾಗಿ ಎಲ್ಲವನ್ನೂ ಮಗಳಿಗೆ ಒಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟಳು. ಮಗನಿಗಲ್ಲ, ಮಗಳಿಗೆ!

ಆದರೆ ನಮ್ಮ ಮುತ್ತಜ್ಜಿ ನಾಡನ್ನಾಳಿದವಳಲ್ಲ. ಆಕೆಯ ತವರಿನವರು ಶಾನುಭೋಗರೆಂದು ಕೇಳಿದ್ದೆವು. ಹಳೆಯ ಕಾಲದ ಲೆಕ್ಕವನ್ನು ಕಡತಗಳಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಸಿ, ಬಳಪದಿಂದ ಬರೆಯುವುದು. ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದಾದ್ದರಿಂದ ಮಿತವ್ಯಯಕ್ಕೆ ಅನುಕೂಲವೇ ಸರಿ, ಚರಿತ್ರೆಗೆ ಅಲ್ಲ. ಒಂದು ವೇಳೆ ಉಳಿದಿದ್ದರೂ ಅದರಲ್ಲಿ ಇರುವುದು ಹೊಲ, ಕಂದಾಯ, ಹಕ್ಕುದಾರರು. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು ಬಂದದ್ದೇ 1933ರಲ್ಲಿ. ಅದಕ್ಕೆ ಮುಂಚಿನ ಮನೆಯ ಕಾಗದಪತ್ರಗಳಲ್ಲಿ ಹೆಂಗಸಿನ ಹೆಸರು ಅಪರೂಪ. ಮದುವೆಯಲ್ಲಿ ಹೆಸರನ್ನೇ ಬದಲಿಸುವ ಪದ್ಧತಿ ನಮ್ಮಲ್ಲಿದ್ದುದರಿಂದ, ತಂದೆಯವರು ಹೇಳುತ್ತಿದ್ದ ಹೆಸರು ಸಿಕ್ಕಿದ್ದರೂ ತವರಿನಲ್ಲಿ ಅದನ್ನು ಬಲ್ಲವರು ಇರುತ್ತಿದ್ದರೇ ಎಂಬುದು ಬೇರೆ ಪ್ರಶ್ನೆ.

ಬೆಳಗಿನಿಂದ ಕಾಲಿಗೆ ಬಂದ ಬೀದಿಯನ್ನೆಲ್ಲ ನಡೆದೆವು. ರಂಗನಾಥನ ದರ್ಶನವಾಯಿತು, ನದಿಯ ನೀರನ್ನು ಮುಟ್ಟಿದ್ದಾಯಿತು. ಜಗಲಿಯ ಮೇಲೆ ಕುಳಿತವರು ಯಾರ ಕಡೆಯವರೆಂದು ಕೇಳಿದಾಗ ಹೇಳಲು ನಮಗೆ ಹೆಸರೇ ಇಲ್ಲ. ಕೊನೆಗೆ ಒಬ್ಬ ಹಿರಿಯರು ಪೆಟ್ಟಿಗೆಯನ್ನು ನೋಡಿ, "ಇದನ್ನು ಗುಡಿಗಾರರಿಗೆ ತೋರಿಸಿ ರಾಯರೆ" ಎಂದರು.

ಸೊರಬದ ಗುಡಿಗಾರರ ಗಂಧದ ಕೆತ್ತನೆ ಲೋಕಪ್ರಸಿದ್ಧ. ಪೋರ್ಚುಗೀಸರ ಕಾಟಕ್ಕೆ ಗೋವೆಯನ್ನು ಬಿಟ್ಟು ಘಟ್ಟ ಹತ್ತಿ ಬಂದವರು ತಾವೆಂಬುದು ಅವರಲ್ಲಿ ನಡೆದುಬಂದ ಮಾತು. ಗಂಧದ ಕೆಲಸದ ಜೊತೆಗೆ ಬೆಂಡಿನಲ್ಲಿ ಮದುವೆಯ ಬಾಸಿಂಗವನ್ನು ಮಾಡುವವರೂ ಅವರೇ. ನಾವು ಕಂಡ ವೃದ್ಧ ಗುಡಿಗಾರರು ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಮೊದಲು ಮೂಸಿದರು, ಆಮೇಲೆ ಮುಚ್ಚಳದ ಬಳ್ಳಿಯ ಮೇಲೆ ಹೆಬ್ಬೆರಳನ್ನು ಆಡಿಸಿದರು. ಬಳ್ಳಿಯೊಳಗೆ ಬಳ್ಳಿ ಸೇರಿ ಎಲ್ಲಿಯೂ ತುದಿ ಕಾಣದ ಕೆಲಸ ಅದು. ಮಾಡಿದವರು ಯಾರೆಂದು ತಿಳಿಯುವುದೇ ಎಂದು ಕೇಳಿದೆವು. "ನಮ್ಮವರು ಹೆಸರು ಕೆತ್ತುತ್ತಿರಲಿಲ್ಲ ಸ್ವಾಮಿ. ಆದರೆ ಇದರ ಜೋಡಿಯನ್ನು ನಾನು ನೋಡಿದ್ದೇನೆ. ಮುಚ್ಚಳ ಸೀಳಿತ್ತು, ನಾನೇ ಕೂಡಿಸಿ ಕೊಟ್ಟೆ" ಎಂದರು. ಯಾರ ಮನೆಯದೆಂಬುದನ್ನೂ ಹೇಳಿ, ಹುಡುಗನೊಬ್ಬನನ್ನು ಜೊತೆಗೆ ಕಳುಹಿಸಿದರು.

ಜಂಬಿಟ್ಟಿಗೆಯ ಗೋಡೆ, ಹೆಂಚಿನ ಮಾಡು, ಅಂಗಳದಲ್ಲಿ ಒಣಹಾಕಿದ ಅಡಕೆ. ಒಳಗಿನಿಂದ ಬಂದವರು ಎಂಬತ್ತು ದಾಟಿದ ಅಜ್ಜಿ, ಆ ಮನೆಯ ಸೊಸೆಯಾಗಿ ಬಂದವರು. ನಮ್ಮ ಕಥೆಯನ್ನು ಕೇಳಿ ಏನನ್ನೂ ಹೇಳದೆ ಪೆಟ್ಟಿಗೆಯನ್ನು ತೆಗೆದುಕೊಂಡರು. ಅದರ ಮುಚ್ಚಳವನ್ನು ಮೇಲಕ್ಕೆತ್ತಿದರೆ ಬಾರದು; ಒಂದು ಮೂಲೆಯನ್ನು ಒತ್ತಿ ಪಕ್ಕಕ್ಕೆ ಸರಿಸಬೇಕು. ನಾವು ಹೇಳುವುದಕ್ಕೆ ಮುಂಚೆಯೇ ಅವರು ಆ ಮೂಲೆಯನ್ನು ಒತ್ತಿದರು. ಬಳಿಕ ದೇವರ ಮನೆಗೆ ಹೋಗಿ ಜೋಡಿಯನ್ನು ತಂದು ಮಗ್ಗುಲಲ್ಲಿಟ್ಟರು.

"ನಮ್ಮ ಅತ್ತೆಯವರು ಹೇಳುತ್ತಿದ್ದರಪ್ಪಾ, ಅಕ್ಕತಂಗಿಯರಿಗೆಂದು ಎರಡು ಮಾಡಿಸಿದ್ದರಂತೆ. ದೊಡ್ಡವಳನ್ನು ಶಿಕಾರಿಪುರದ ಕಡೆಗೆ ಕೊಟ್ಟರು. ಚಿಕ್ಕವಳು ಮದುವೆಗೆ ಮುಂಚೆಯೇ ಹೋಗಿಬಿಟ್ಟಳು. ಅವಳದು ಇಲ್ಲಿಯೇ ಉಳಿಯಿತು."

"ದೊಡ್ಡವಳ ಹೆಸರು ಏನಮ್ಮ?"

ಅಜ್ಜಿ ಬಹಳ ಹೊತ್ತು ಯೋಚಿಸಿದರು. "ಪೆಟ್ಟಿಗೆಯವಳು ಎನ್ನುತ್ತಿದ್ದರು. ಹೆಸರು ಹೇಳಿದ್ದನ್ನು ನಾನು ಕೇಳಲಿಲ್ಲ."

ಕಾಫಿ ಬಂತು. ಹೊರಡುವಾಗ ನಾವು ದಿನಚರಿಯ ಪುಸ್ತಕವನ್ನು ತೆರೆದು, ಅಜ್ಜಿಯವರ ಹೆಸರನ್ನು ಕೇಳಿದೆವು. ಹೇಳಿದರು. ತವರಿನಲ್ಲಿ ಇಟ್ಟಿದ್ದ ಹೆಸರು ಯಾವುದೆಂದು ಕೇಳಿದಾಗ ನಕ್ಕರು. ಅದನ್ನು ಕರೆದು ಅರವತ್ತು ವರ್ಷದ ಮೇಲಾಯಿತಂತೆ; ನೆನಪಿಗೆ ತಂದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಎರಡನ್ನೂ ಬರೆದುಕೊಂಡು, ತಿಥಿವಾರಗಳನ್ನು ಕೆಳಗೆ ನಮೂದಿಸಿ, ಸಂಜೆಯ ಬಸ್ಸಿಗೆ ನಡೆದೆವು.