ಸೋನಾರ್ ಇದ್ದರೆ ನೀರಿನಡಿಯ ಕೊರಡು ಮೊದಲೇ ಗೊತ್ತಾಗುತ್ತದೆಯೇ?

ಪರದೆಯ ಮೇಲೆ ಮೀನೇ ಕಾಣುತ್ತದೆ ಅಂದಮೇಲೆ ಮುಂದಿರುವ ಬಂಡೆ ಕಾಣದೇ ಇರುತ್ತದೆಯೇ? ಫಿಶ್ ಫೈಂಡರ್ ಅಳವಡಿಸಿದ ದೋಣಿಗಳ ವಿಡಿಯೊ ನೋಡಿದವರಿಗೆ ಹೀಗೆ ಅನ್ನಿಸುವುದು ಸಹಜ. ಆದರೆ ಸಾಮಾನ್ಯ ಸೋನಾರ್ ಮುಂದೆ ನೋಡುವುದೇ ಇಲ್ಲ, ಕೆಳಗೆ ನೋಡುತ್ತದೆ. ಹಾಗಾಗಿ ನೀರಿನಡಿಯ ಕೊರಡಿಗೆ ಎಷ್ಟೋ ಸಲ ಮೊದಲು ಬಡಿಯುವುದು ಸೋನಾರ್‌ನ ಕಣ್ಣೇ.

ಈ ಕಣ್ಣಿನ ಹೆಸರು ಟ್ರಾನ್ಸ್‌ಡ್ಯೂಸರ್. ಅಮೆರಿಕದ ಕೆರೆ, ಜಲಾಶಯಗಳಲ್ಲಿ ಗಾಳ ಹಾಕುವವರ ದೋಣಿಗಳಲ್ಲಿ ಇದನ್ನು ಹೆಚ್ಚಾಗಿ ಟ್ರೋಲಿಂಗ್ ಮೋಟರ್‌ನ ತುದಿಗೆ ಕಟ್ಟಿರುತ್ತಾರೆ. ನಮ್ಮ ಮಲ್ಪೆ, ಮಂಗಳೂರಿನ ಟ್ರಾಲ್ ಬೋಟಿಗೂ ಇದಕ್ಕೂ ಸಂಬಂಧವಿಲ್ಲ. ಟ್ರಾಲಿಂಗ್ ಎಂದರೆ ಬಲೆ ಎಳೆಯುವುದು. ಟ್ರೋಲಿಂಗ್ ಎಂದರೆ ಗಾಳವನ್ನು ನೀರಿನಲ್ಲಿ ನಿಧಾನವಾಗಿ ಎಳೆದುಕೊಂಡು ಹೋಗುವುದು. (ಫೇಸ್‌ಬುಕ್‌ನ ಟ್ರೋಲ್ ಸದ್ಯಕ್ಕೆ ಬೇಡ!) ಆ ನಿಧಾನದ ಓಟಕ್ಕೆಂದು ದೋಣಿಯ ಮೂತಿಯಲ್ಲಿ ಬ್ಯಾಟರಿಯಿಂದ ಓಡುವ ಪುಟ್ಟ ಮೋಟರ್ ಇರುತ್ತದೆ. ಉತ್ತರ ಡಕೋಟಾದ ಫಾರ್ಗೊ ಊರಿನ ಒ.ಜಿ. ಶ್ಮಿಟ್ 1934ರಲ್ಲಿ ಇಂಥದ್ದೊಂದನ್ನು ರೂಪಿಸಿದರು. ಮಿನ್ ಕೋಟಾ ಕಂಪನಿ ಬೆಳೆದದ್ದು ಅದರಿಂದಲೇ.

ಕೆಲಸದ ಹೊತ್ತಿನಲ್ಲಿ ಮೋಟರ್ ನೀರಿಗೆ ಇಳಿದಿರುತ್ತದೆ. ಆಳ ಕಡಿಮೆ ಇರುವ ಕಡೆ ದೋಣಿಯ ತಳಕ್ಕಿಂತ ಕೆಳಗೆ ಜೋತಿರುವುದು ಅದೇ. ಅದರ ಅಡಿಯಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಟ್ರಾನ್ಸ್‌ಡ್ಯೂಸರ್. ಇನ್ನು ಆ ನೀರು ಎಂಥದ್ದು? ಟೆಕ್ಸಾಸ್ ಮತ್ತು ಲೂಸಿಯಾನಾ ಗಡಿಯ ಟೊಲೆಡೊ ಬೆಂಡ್ ಜಲಾಶಯ 1960ರ ದಶಕದಲ್ಲಿ ತುಂಬಿದಾಗ ಸಾಕಷ್ಟು ಕಾಡು ನಿಂತಲ್ಲೇ ಮುಳುಗಿತು. ಕಬಿನಿ ಹಿನ್ನೀರಿನಲ್ಲಿ ಒಣಮರಗಳು ನಿಂತಿರುವ ಫೋಟೊ ನೀವು ನೋಡಿರುತ್ತೀರಿ. ಅಲ್ಲಿ ತುದಿಯಾದರೂ ಕಾಣುತ್ತದೆ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೇ ಮುರಿದು ನಿಂತ ಬೊಡ್ಡೆ ಮಾತ್ರ ಕಾಣುವುದಿಲ್ಲ.

ಕಾಣುವುದು ಎಷ್ಟು?

ಟ್ರಾನ್ಸ್‌ಡ್ಯೂಸರ್ ಒಳಗೆ ವಿದ್ಯುತ್ ಕೊಟ್ಟರೆ ಕಂಪಿಸುವ ಸೆರಾಮಿಕ್ ತುಣುಕು ಇರುತ್ತದೆ. ಅದು ಕೆಳಕ್ಕೆ ಶಬ್ದದ ಅಲೆ ಕಳಿಸಿ, ಪ್ರತಿಧ್ವನಿ ಬರುವವರೆಗೆ ಕಾಯುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 6 ಮೀಟರ್ ಆಳವಿದ್ದರೆ ಹೋಗಿ ಬರಲು 8 ಮಿಲಿಸೆಕೆಂಡ್ ಸಾಕು. ಅಲೆ ಹರಡುವುದು ಟಾರ್ಚ್ ಬೆಳಕಿನ ಹಾಗೆ, ಶಂಕುವಿನ ಆಕಾರದಲ್ಲಿ. ಶಂಕುವಿನ ಕೋನ 20 ಡಿಗ್ರಿ ಇದ್ದರೆ 10 ಮೀಟರ್ ಆಳದಲ್ಲಿ ಅದು ನೋಡುವ ವೃತ್ತದ ಅಗಲ ಮೂರೂವರೆ ಮೀಟರ್. ಒಂದು ಮೀಟರ್ ಆಳದಲ್ಲಿ? ಬರೀ 35 ಸೆಂಟಿಮೀಟರ್. ಅಂದರೆ ಅಪಾಯ ಹೆಚ್ಚಿರುವ ಕಡೆಯೇ ನೋಟ ಕಿರಿದು.

ದೋಣಿ ಜೋರಾಗಿ ಓಡುವಾಗ ಟ್ರೋಲಿಂಗ್ ಮೋಟರ್ ಮೇಲೆತ್ತಿರುತ್ತಾರೆ. ಆಗ ಕೆಲಸ ಮಾಡುವುದು ಹಿಂಬದಿಯಲ್ಲಿರುವ ಇನ್ನೊಂದು ಟ್ರಾನ್ಸ್‌ಡ್ಯೂಸರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ದೋಣಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಪರದೆಯಲ್ಲಿ ಬೊಡ್ಡೆ ಮೂಡುವ ಹೊತ್ತಿಗೆ ದೋಣಿ ಅದರ ಮೇಲೆ ದಾಟಿಯಾಗಿದೆ, ಇಲ್ಲವೇ ಬಡಿದಾಗಿದೆ. ಹೀಗೆ ಬಡಿದಾಗ ಜನ ನೀರಿಗೆ ಎಸೆಯಲ್ಪಡುತ್ತಾರೆ. ಲೈಫ್ ಜಾಕೆಟ್ ಹಾಕಿಕೊಳ್ಳದಿರಲು ಸೋನಾರ್ ನೆಪವಲ್ಲ.

2018ರಲ್ಲಿ ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಬಂದಮೇಲೆ ಮುಂದೆ ನೋಡುವ ಸೋನಾರ್‌ಗಳು ಜನಪ್ರಿಯವಾದವು, ನಿಜ. ಅವು ತೋರಿಸುವುದು ಮೋಟರ್ ಕಂಬವನ್ನು ತಿರುಗಿಸಿದ ದಿಕ್ಕಿನ ಒಂದು ಹೋಳನ್ನಷ್ಟೇ. ಪಕ್ಕದ ಕೊಂಬೆ ಅದಕ್ಕೆ ಕಾಣದು. ಬೆಲೆಯೋ ಸಾವಿರ ಡಾಲರ್‌ಗೂ ಮೇಲೆ.

ಗಟ್ಟಿ ಕವಚ ಹಾಕಿ ಮುಚ್ಚಿಬಿಟ್ಟರೆ?

ಹಾಗೆ ಮುಚ್ಚಿದರೆ ಟ್ರಾನ್ಸ್‌ಡ್ಯೂಸರ್ ಉಳಿಯುತ್ತದೆ, ನೋಟ ಹೋಗುತ್ತದೆ. ಕವಚಕ್ಕೂ ಮುಖಕ್ಕೂ ನಡುವೆ ಗಾಳಿ ಸಿಕ್ಕಿಕೊಂಡರೆ ಶಬ್ದದ ಬಹುಪಾಲು ಅಲ್ಲೇ ತಿರುಗಿ ಬರುತ್ತದೆ. ಎದುರಿಗೆ ಲೋಹದ ಪಟ್ಟಿ ಬಂದರೆ ಅದರ ನೆರಳೂ ಗದ್ದಲವೂ ಪರದೆ ತುಂಬುತ್ತವೆ. ಮಾರುಕಟ್ಟೆಯ ಒಳ್ಳೆಯ ಗಾರ್ಡ್‌ಗಳು ಮುಂಭಾಗ ಮತ್ತು ಬದಿಗಳನ್ನು ಕಾಯುತ್ತವೆ, ಮುಖವನ್ನು ತೆರೆದೇ ಬಿಡುತ್ತವೆ. ಕೊಳ್ಳುವಾಗ ನೋಡಬೇಕಾದದ್ದು ಅದೊಂದನ್ನೇ. ಮೋಟರ್‌ನ ಒಳಗೇ ಟ್ರಾನ್ಸ್‌ಡ್ಯೂಸರ್ ಕೂರಿಸಿದ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕೆ ಹೊರಗಿನ ಪೆಟ್ಟು ತಾಗುವುದು ಕಡಿಮೆ.

ಹೊರಗೆ ಕಟ್ಟುವುದಾದರೆ ಹೋಸ್ ಕ್ಲ್ಯಾಂಪ್ ಅಡಿಯಲ್ಲಿ ರಬ್ಬರ್ ಪಟ್ಟಿ ಇಡಿ, ಸ್ಕ್ರೂವನ್ನು ಪ್ಲಾಸ್ಟಿಕ್ ಬಿರಿಯುವಷ್ಟು ಬಿಗಿಯಬೇಡಿ. ನನ್ನನ್ನು ಕೇಳಿದರೆ ಟ್ರಾನ್ಸ್‌ಡ್ಯೂಸರ್‌ಗಿಂತ ಅದರ ವೈರಿನ ಬಗ್ಗೆ ಹೆಚ್ಚು ಚಿಂತಿಸಬೇಕು. ಮೋಟರ್ ಎಡಬಲ ತಿರುಗುತ್ತದೆ, ಮಡಚಿ ದೋಣಿಯ ಮೇಲೆ ಮಲಗುತ್ತದೆ. ವೈರ್ ಬಿಗಿಯಾಗಿದ್ದರೆ ಕಿತ್ತುಬರುತ್ತದೆ. ಸಡಿಲವಾಗಿ ಜೋತಾಡಿದರೆ ಬೊಡ್ಡೆಯೋ ಪ್ರೊಪೆಲ್ಲರೋ ಎಳೆದುಕೊಳ್ಳುತ್ತದೆ. ಕಂಬದುದ್ದಕ್ಕೂ ಕೇಬಲ್ ಟೈ ಹಾಕಿ, ತಿರುಗುವ ಜಾಗದಲ್ಲಿ ಮಾತ್ರ ಒಂದು ಸುತ್ತು ಸಡಿಲ ಬಿಡಿ. ಆಮೇಲೆ ಮೋಟರನ್ನು ಒಮ್ಮೆ ಪೂರ್ತಿ ತಿರುಗಿಸಿ, ಮಡಚಿ ನೋಡಿ. ಮಡಚುವಾಗ ಟ್ರಾನ್ಸ್‌ಡ್ಯೂಸರ್ ಸ್ಟ್ಯಾಂಡಿಗೆ ಬಡಿಯುತ್ತಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಆಳ ಕಡಿಮೆಯಾದಂತೆ ಮೋಟರ್ ಕಂಬವನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಆದರೆ ಮೋಟರ್‌ನ ಮೇಲೆ ಸುಮಾರು 30 ಸೆಂಟಿಮೀಟರ್ ನೀರು ಇರಲಿ, ಇಲ್ಲದಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಜೊಂಡೋ ಗಾಳದ ದಾರವೋ ಸುತ್ತಿಕೊಂಡರೆ ಬ್ಯಾಟರಿ ಸಂಪರ್ಕ ತೆಗೆಯದೆ ಕೈ ಹಾಕಬೇಡಿ.

ಗ್ರೇಟ್ ಲೇಕ್ಸ್ ಸುತ್ತಮುತ್ತ ಇನ್ನೊಂದು ಕಾಟ ಜೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಕಾಣಿಸಿಕೊಂಡ ಇದು ನೀರಿನಲ್ಲೇ ಬಿಟ್ಟ ಯಾವುದಕ್ಕಾದರೂ ಅಂಟಿಕೊಳ್ಳುತ್ತದೆ. ಟ್ರಾನ್ಸ್‌ಡ್ಯೂಸರ್ ಮುಖಕ್ಕೆ ಅಂಟಿದರೆ ಸಂಕೇತ ಮಸುಕಾಗುತ್ತದೆ. ಸೋಪು ನೀರು, ಮೆತ್ತನೆಯ ಬಟ್ಟೆ ಸಾಕು. ಥಿನ್ನರ್, ಅಸಿಟೋನ್ ಬೇಡ, ಅವು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ.

ಪೆಟ್ಟು ಬಿದ್ದಮೇಲೆ ಪರದೆ ಉರಿಯುತ್ತಿದೆ ಎಂದು ನೆಮ್ಮದಿಯಾಗಿ ಹೋಗಬೇಡಿ. ಟ್ರಾನ್ಸ್‌ಡ್ಯೂಸರ್ ಓರೆಯಾಗಿದ್ದರೆ ಅಲೆ ಓರೆಯಾಗಿ ಹೆಚ್ಚು ದೂರ ಹೋಗಿ ಬರುತ್ತದೆ, ಆಳ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಸುಳ್ಳು ಧೈರ್ಯ ಕೊಡುವ ತಪ್ಪು ಇದು. ಪರೀಕ್ಷೆ ಸುಲಭ: ದೋಣಿ ನಿಲ್ಲಿಸಿ, ಅಳತೆಯ ಗಂಟು ಹಾಕಿದ ಹಗ್ಗಕ್ಕೆ ಭಾರ ಕಟ್ಟಿ ಇಳಿಬಿಡಿ. ಪರದೆಯ ಅಂಕಿಗೆ ಟ್ರಾನ್ಸ್‌ಡ್ಯೂಸರ್ ನೀರಿನೊಳಗೆ ಎಷ್ಟು ಇಳಿದಿದೆಯೋ ಅಷ್ಟನ್ನು ಕೂಡಿಸಿ. ಹಗ್ಗದ ಅಳತೆ ಅದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಬಂದರೆ ಕ್ಲ್ಯಾಂಪ್ ಬಿಚ್ಚಿ, ಮುಖ ನೆಟ್ಟಗೆ ಕೆಳಕ್ಕೆ ಬರುವಂತೆ ಮತ್ತೆ ಕೂರಿಸಿ.